ನೆಹೆಮೀಯ 4:9, "ಪ್ರಾರ್ಥಿಸಿದೆವು, ಕಾವಲೂ ಇಟ್ಟೆವು": ಮನೆಕೂಟದಲ್ಲಿ ಇದನ್ನು ಕಲಿಸುವುದು ಹೇಗೆ?

ಪ್ರಶ್ನೆ: ಸಣ್ಣಕೂಟ

ಹದಿನೈದಿಪ್ಪತ್ತು ಜನ ಸೇರುವ ಮನೆಕೂಟಕ್ಕೆ ನಾಲ್ಕು ವಾರದ ಪಾಠ ಸಿದ್ಧವಾಗಬೇಕು. ವಿಷಯ, ಲೋಕ ಹಗೆಮಾಡುವಾಗ ದೇವರ ಸಹಾಯವನ್ನು ನೆಚ್ಚಿಕೊಳ್ಳುವುದು. ನೆಹೆಮೀಯನ ನಾಲ್ಕನೆಯ ಅಧ್ಯಾಯ ಎಂದು ಗೊತ್ತುಮಾಡಿಯಾಗಿದೆ. ತೊಡಕು ಇರುವುದು ಬೇರೆ ಕಡೆ. ಈ ವಿಷಯ ಎತ್ತಿದ ಕೂಡಲೇ ಕೂಟ ಎರಡು ಪಂಗಡವಾಗುತ್ತದೆ. "ಮೊಣಕಾಲೂರಿದರೆ ಸಾಕು, ಠಾಣೆ, ವಕೀಲ ಅಂತ ಅಲೆಯುವುದು ಅವಿಶ್ವಾಸ" ಅನ್ನುವವರು ಒಂದು ಕಡೆ. "ಪ್ರಾರ್ಥನೆ ಇದ್ದೇ ಇದೆ, ಮೊದಲು ಆಗಬೇಕಾದ ಕೆಲಸ ನೋಡಿ" ಅನ್ನುವವರು ಇನ್ನೊಂದು ಕಡೆ. 9ನೆಯ ವಚನದಲ್ಲಿ ಎರಡೂ ಇದೆಯಲ್ಲ ಎಂದು ಹೇಳಿದರೆ ಇಬ್ಬರೂ ತಲೆಯಾಡಿಸಿ, ಚಹಾ ಕುಡಿದು, ಬಂದ ಹಾಗೇ ಮನೆಗೆ ಹೋಗುತ್ತಾರೆ.

ಹಾಗಾಗಿ ಕೇಳುವುದು: ಅಧ್ಯಾಯವನ್ನು ಎಲ್ಲಿಂದ ಹಿಡಿಯಬೇಕು, ಪಾಠದ ಜೊತೆ ಪ್ರಾರ್ಥನೆಯನ್ನು ನಿಜವಾಗಿ ಹೇಗೆ ನಡೆಸಬೇಕು, "ಕಾವಲು" ಅಂದರೆ ನಮ್ಮ ಕಾಲದಲ್ಲಿ ಏನೇನು? ಬರೀ ಧೈರ್ಯದ ಮಾತು ಬೇಡ. ವಚನ ಹಿಡಿದು ಹೇಳಿ.


ಉತ್ತರ: ಎಲೂಲ್ 25

9ನೆಯ ವಚನದಿಂದ ಶುರುಮಾಡಲೇಬೇಡಿ. ಅಲ್ಲಿಗೆ ಬರುವ ಹೊತ್ತಿಗೆ ನೆಹೆಮೀಯ ಪ್ರಾರ್ಥಿಸಲು ತೊಡಗಿ ತಿಂಗಳುಗಳೇ ಆಗಿವೆ. ಕಿಸ್ಲೇವ್ ತಿಂಗಳಲ್ಲಿ ಪಾರಸಿ ಅರಸನ ಶೂಷನ್ ಕೋಟೆಯಲ್ಲಿ, ಯೆರೂಸಲೇಮಿನ ಗೋಡೆ ಕೆಡವಿಬಿದ್ದಿದೆ ಎಂಬ ಸುದ್ದಿ ಕೇಳಿ ಅತ್ತು ಉಪವಾಸ ಕೂತವನು ಅರಸನ ಮುಂದೆ ಬಾಯಿಬಿಡುವುದು ನೀಸಾನ್ ತಿಂಗಳಲ್ಲಿ. ಅರಸ ಆರ್ತಷಸ್ತನ 20ನೆಯ ವರ್ಷ, ಕ್ರಿ.ಪೂ. 445. ನಡುವೆ ನಾಲ್ಕು ತಿಂಗಳು. "ನಿನಗೇನು ಬೇಕು" ಎಂದು ಅರಸ ಕೇಳಿದಾಗ 2:4ರಲ್ಲಿ ಒಂದೇ ಉಸಿರಿನ ಪ್ರಾರ್ಥನೆ. ಹಿಂದೆ ನಾಲ್ಕು ತಿಂಗಳಿನದು ಇರುವುದರಿಂದಲೇ ಆ ಒಂದು ಉಸಿರು ಸಾಕಾಗುತ್ತದೆ. ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡುವ ಅಭ್ಯಾಸ ಇರುವ ಕೂಟಕ್ಕೆ ಮೊದಲ ವಾರ ಇದನ್ನೇ ಕೊಡಿ.

ಅದೇ ಅರಸನ ಮುಂದೆ ಅವನು ಕೇಳಿಕೊಂಡದ್ದು ಏನೇನು ನೋಡಿ (2:7-8). ನದಿಯಾಚೆಯ ದೇಶಾಧಿಪತಿಗಳಿಗೆ ಪತ್ರ. ಮರಮಟ್ಟಿಗಾಗಿ ಅರಸನ ವನಪಾಲಕ ಆಸಾಫನಿಗೆ ಇನ್ನೊಂದು ಪತ್ರ. ಬಾಯಿಮಾತಿನ ಒಪ್ಪಿಗೆ ಯಾಕೆ ಸಾಲಲಿಲ್ಲ ಎಂಬುದಕ್ಕೆ ಎಜ್ರ 4 ಓದಬೇಕು. ಹಿಂದೆ ಇದೇ ಪಟ್ಟಣದ ಕೆಲಸ ನಿಂತದ್ದು ಕತ್ತಿಯಿಂದಲ್ಲ, ಒಂದು ದೂರು ಅರ್ಜಿಯಿಂದ. "ಇವರು ದಂಗೆಕೋರರು, ತೆರಿಗೆ ಕಟ್ಟುವುದಿಲ್ಲ" ಎಂದು ಯಾರೋ ಬರೆದರು, ಆರ್ತಷಸ್ತ ತಡೆಯಾಜ್ಞೆ ಕೊಟ್ಟ. ಆ ಆಜ್ಞೆಯಲ್ಲೇ "ನಾನು ಬೇರೆ ಅಪ್ಪಣೆ ಕೊಡುವ ತನಕ" ಎಂಬ ಒಂದು ಕಿಂಡಿ ಇತ್ತು (ಎಜ್ರ 4:21). ನೆಹೆಮೀಯ ಆ ಕಿಂಡಿಯಿಂದಲೇ ಒಳಗೆ ಬಂದ. ಪತ್ರ ಸಿಕ್ಕಿದ್ದು ಯಾಕೆ ಎಂದು ಬರೆಯುವಾಗ ಮಾತ್ರ ತನ್ನ ಜಾಣತನದ ಸೊಲ್ಲೇ ಇಲ್ಲ, "ನನ್ನ ದೇವರ ಕೃಪಾಹಸ್ತ ನನ್ನ ಮೇಲಿತ್ತು" ಎನ್ನುತ್ತಾನೆ.

ಈಗ ನಾಲ್ಕನೆಯ ಅಧ್ಯಾಯ. ಮೊದಲು ಒಂದು ನಕ್ಷೆ ಬರೆದು ತೋರಿಸಿ. ಉತ್ತರಕ್ಕೆ ಸಮಾರ್ಯದ ಸನ್ಬಲ್ಲಟ, ಪೂರ್ವಕ್ಕೆ ಅಮ್ಮೋನಿನ ಟೋಬೀಯ, ದಕ್ಷಿಣಕ್ಕೆ ಅರಬಿಯರು, ಪಶ್ಚಿಮಕ್ಕೆ ಅಷ್ಡೋದಿನವರು. ನಾಲ್ಕು ದಿಕ್ಕೂ ಮುಚ್ಚಿದೆ. (ಸನ್ಬಲ್ಲಟ ಕಟ್ಟುಕಥೆಯ ಖಳನಾಯಕನಲ್ಲ. ಈಜಿಪ್ಟಿನ ಎಲಿಫಂಟೈನ್ ದ್ವೀಪದಲ್ಲಿ ಸಿಕ್ಕ ಕ್ರಿ.ಪೂ. 407ರ ಪತ್ರವೊಂದರಲ್ಲಿ ಸಮಾರ್ಯದ ಅಧಿಪತಿಯೆಂದು ಅವನ ಹೆಸರಿದೆ.)

ಹಗೆತನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಪ್ರತಿ ಮೆಟ್ಟಿಲಿಗೂ ಉತ್ತರ ಬೇರೆ. ಕೂಟಗಳು ಸೋಲುವುದು ಎಲ್ಲಕ್ಕೂ ಒಂದೇ ಮದ್ದು ಅರೆಯುವುದರಿಂದ. ಮೊದಲು ಗೇಲಿ: "ನರಿ ಹತ್ತಿದರೂ ಇವರ ಗೋಡೆ ಬೀಳುತ್ತದೆ." ಇದಕ್ಕೆ ನೆಹೆಮೀಯ ಗೇಲಿ ಮಾಡಿದವರಿಗೆ ಒಂದು ಮಾತೂ ಹೇಳುವುದಿಲ್ಲ. 4-5ರಲ್ಲಿ ದೇವರಿಗೆ ಹೇಳುತ್ತಾನೆ, 6ರಲ್ಲಿ ಗೋಡೆ ಅರ್ಧ ಎತ್ತರಕ್ಕೆ ಬಂದಿರುತ್ತದೆ. ಗೇಲಿಗೆ ಕಾವಲು ಬೇಕಿಲ್ಲ. ಎರಡನೆಯದು ದಾಳಿಯ ಒಳಸಂಚು, 7-8. ಕಾವಲು ಹುಟ್ಟುವುದು ಇಲ್ಲಿ, 9ರಲ್ಲಿ, ಹಗಲೂ ರಾತ್ರಿ. ಮೂರನೆಯದು ಹೊರಗಿನಿಂದ ಬಂದದ್ದೇ ಅಲ್ಲ. 10ನೆಯ ವಚನದಲ್ಲಿ ಯೆಹೂದದವರೇ "ಹೊರೆಹೊರುವವರ ಬಲ ಕುಂದಿತು, ಕಸದ ರಾಶಿ ಬಹಳ" ಎನ್ನುತ್ತಾರೆ. ನಾಲ್ಕನೆಯದು 12ನೆಯ ವಚನದ ಗಾಳಿಸುದ್ದಿ. ಶತ್ರುಗಳ ಪಕ್ಕದ ಊರಿನ ಯೆಹೂದ್ಯರು ಹತ್ತು ಸಾರಿ ಬಂದು ಅದನ್ನೇ ಹೇಳಿದರು. ಇಂದಿನ ವಾಟ್ಸ್ಆ್ಯಪ್ ಫಾರ್ವರ್ಡಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ.

13ರಿಂದ 23ರವರೆಗೆ ನಿಧಾನವಾಗಿ ಹೋಗಿ, ಇಡೀ ಅಧ್ಯಾಯದ ತಿರುಳು ಅಲ್ಲಿದೆ. ಕಾವಲು ಹಾಕಿದ್ದು ಎಲ್ಲೆಂದರಲ್ಲಿ ಅಲ್ಲ, ಗೋಡೆ ತಗ್ಗಾಗಿದ್ದ ಬಯಲು ಜಾಗಗಳಲ್ಲಿ. ನಿಲ್ಲಿಸಿದ್ದು ಕುಟುಂಬ ಕುಟುಂಬವಾಗಿ, ಯಾಕೆಂದರೆ ಬೆನ್ನ ಹಿಂದೆ ಹೆಂಡತಿ ಮಕ್ಕಳಿರುವವನು ಓಡುವುದಿಲ್ಲ. 14ರಲ್ಲಿ ಮಾತಿನ ಕ್ರಮ ಗಮನಿಸಿ: ಹೆದರಬೇಡಿ, ಕರ್ತನನ್ನು ನೆನಪುಮಾಡಿಕೊಳ್ಳಿ, ಆಮೇಲೆ ನಿಮ್ಮವರಿಗಾಗಿ ಕಾದಾಡಿ. ನಡುವಿನದನ್ನು ಕಿತ್ತುಹಾಕಿದರೆ ಮೂರನೆಯದು ಬರೀ ಜಗಳವಾಗುತ್ತದೆ. 16ರಿಂದ ಕೆಲಸದ ಹಂಚಿಕೆ: ಅವನ ಸೇವಕರಲ್ಲಿ ಅರ್ಧ ಜನ ಕಟ್ಟಲು, ಅರ್ಧ ಜನ ಭರ್ಜಿ ಗುರಾಣಿ ಹಿಡಿಯಲು. ಹೊರೆಯವರ ಒಂದು ಕೈಯಲ್ಲಿ ಕೆಲಸ, ಇನ್ನೊಂದರಲ್ಲಿ ಆಯುಧ. ಕಟ್ಟುವವರಿಗೆ ಎರಡೂ ಕೈ ಬೇಕು, ಹಾಗಾಗಿ ಕತ್ತಿ ಸೊಂಟಕ್ಕೆ. ಅಂದರೆ ಯಾರಿಗೆ ಎಷ್ಟು ಸಾಧ್ಯವೋ ಅಷ್ಟೇ ಭಾರ. ಇನ್ನು ತುತೂರಿ. ಜನ ಗೋಡೆಯುದ್ದಕ್ಕೂ ಚದುರಿದ್ದಾರೆ, ತುತೂರಿಯವನು ಮಾತ್ರ ನೆಹೆಮೀಯನ ಪಕ್ಕದಲ್ಲೇ. ಕೂಗಿದ ಕಡೆ ಎಲ್ಲರೂ ಕೂಡಬೇಕು, "ನಮ್ಮ ದೇವರು ನಮಗೋಸ್ಕರ ಯುದ್ಧಮಾಡುವನು" (20). ಆ ವಾಗ್ದಾನದ ಮಾತು ಬರುವುದು ಎಲ್ಲ ಏರ್ಪಾಡಿನ ನಟ್ಟನಡುವೆ. ಏರ್ಪಾಡಿನ ಬದಲಿಗೆ ಬಂದದ್ದಲ್ಲ, ಏರ್ಪಾಡು ಮುಗಿದಮೇಲೆ ಹೂ ಇಟ್ಟಂತೆ ಬಂದದ್ದೂ ಅಲ್ಲ.

5ನೆಯ ಅಧ್ಯಾಯ ಹಾರಿಸಬೇಡಿ, ಎಲ್ಲರೂ ಹಾರಿಸುತ್ತಾರೆ. ಗೋಡೆಯ ಮೇಲೆ ಭರ್ಜಿ ಹಿಡಿದವನ ಹೊಲ ಗೋಡೆಯ ಒಳಗಿನ ಸಹೋದರನ ಹತ್ತಿರ ಅಡವು. ಮಕ್ಕಳು ಜೀತಕ್ಕೆ. ನೂರಕ್ಕೊಂದರ ಬಡ್ಡಿಯನ್ನೂ ಬಿಡಿ, ಹೊಲವನ್ನೂ ಹಿಂದಕ್ಕೆ ಕೊಡಿ ಎಂದು ನೆಹೆಮೀಯ ಪ್ರಮಾಣ ಮಾಡಿಸುತ್ತಾನೆ (5:11-12). ಹೊರಗಿನ ಹಗೆತನದ ಬಗ್ಗೆ ಗಂಟೆಗಟ್ಟಲೆ ಪ್ರಾರ್ಥಿಸಿ, ಕೂಟದೊಳಗಿನ ಕೈಸಾಲದ ಜಗಳ ಮುಟ್ಟದಿದ್ದರೆ ಆ ಗೋಡೆಗೆ ನರಿಯೇ ಸಾಕು.


ಉತ್ತರ: ಮೌನ ಪ್ರಾರ್ಥನೆ

ಮೇಲಿನ ವಿವರಣೆ ಚೆನ್ನಾಗಿದೆ, ಆದರೆ ತಕ್ಕಡಿ ಒಂದು ಕಡೆಗೆ ವಾಲಿದೆ. ಎಜ್ರ 8:21-23ನ್ನೂ ಓದಿ. ನೆಹೆಮೀಯನಿಗಿಂತ ಸುಮಾರು 13 ವರ್ಷ ಮೊದಲು, ಯೆರೂಸಲೇಮಿಗೆ ಅದೇ ದಾರಿ. ಯಾಜಕ ಎಜ್ರ ಅಹವಾ ಹೊಳೆಯ ಬಳಿ ಉಪವಾಸ ಸಾರಿದ್ದು ಯಾಕೆ? ದಾರಿಯ ಶತ್ರುಗಳಿಂದ ಕಾಪಾಡಲು ಅರಸನ ಹತ್ತಿರ ಕಾಲಾಳು ಕುದುರೆಯವರನ್ನು ಕೇಳಲು ಅವನಿಗೆ ನಾಚಿಕೆಯಾಯಿತು. "ನಮ್ಮ ದೇವರ ಹಸ್ತ ತನ್ನನ್ನು ಹುಡುಕುವವರ ಮೇಲಿರುತ್ತದೆ" ಎಂದು ಅರಸನಿಗೆ ಹೇಳಿಬಿಟ್ಟಿದ್ದ. ನೆಹೆಮೀಯ ಸೈನ್ಯಾಧಿಪತಿ ಕುದುರೆಸವಾರರ ಜೊತೆ ಬಂದ (2:9), ಎಜ್ರ ಬರಿಗೈಯಲ್ಲಿ ಬಂದ. ಇಬ್ಬರೂ ತಲುಪಿದರು.

ವಿಮೋಚನಕಾಂಡ 14:14ರಲ್ಲೂ "ಯೆಹೋವನೇ ನಿಮಗಾಗಿ ಯುದ್ಧಮಾಡುವನು, ನೀವು ಸುಮ್ಮನಿರಿ" ಎಂದೇ ಇದೆ. 2 ಪೂರ್ವಕಾಲವೃತ್ತಾಂತ 20ರಲ್ಲಿ ಅರಸ ಯೆಹೋಷಾಫಾಟ ಸೈನ್ಯದ ಮುಂದೆ ಹಾಡುವವರನ್ನು ನಿಲ್ಲಿಸಿದ. "ಏನು ಮಾಡಬೇಕೋ ತಿಳಿಯದು, ನಮ್ಮ ಕಣ್ಣುಗಳು ನಿನ್ನ ಮೇಲಿವೆ" ಎಂಬ 12ನೆಯ ವಚನದ ಪ್ರಾರ್ಥನೆಗೆ ಎದುರಾಗಿ ಯಾವ ಭರ್ಜಿ ಇಡುತ್ತೀರಿ? ಮೊದಲ ಪಂಗಡದವರನ್ನು ಅಷ್ಟು ಹಗುರವಾಗಿ ತಳ್ಳಬೇಡಿ.


ಉತ್ತರ: ಸಿಲೋವ ಸುರಂಗ

ಎಜ್ರನನ್ನು ನೆನಪಿಸಿದ್ದು ಒಳ್ಳೆಯದಾಯಿತು. ಅವನ ನಾಚಿಕೆ ನಿಜ, ನಂಬಿಕೆಯೂ ನಿಜ. ಆದರೆ ಅದೇ ಅಧ್ಯಾಯದಲ್ಲಿ ಇನ್ನೂ ನಾಲ್ಕು ಸಾಲು ಮುಂದೆ ಹೋಗಿ. ಸೈನಿಕರು ಬೇಡ ಎಂದ ಅದೇ ಎಜ್ರ 650 ತಲಾಂತು ಬೆಳ್ಳಿ, 100 ತಲಾಂತು ಬಂಗಾರ ತೂಗಿ ಯಾಜಕರ ಕೈಗೆ ಒಪ್ಪಿಸುತ್ತಾನೆ, ಯೆರೂಸಲೇಮಿನಲ್ಲಿ ಮತ್ತೆ ತೂಗಿಸಿ ಲೆಕ್ಕ ಬರೆಸುತ್ತಾನೆ (8:24-34). ಸುಮ್ಮನೆ ಕೂತವನಲ್ಲ. ಅವನು ಬಿಟ್ಟದ್ದು ಒಂದೇ ಒಂದನ್ನು, ಅದೂ ತಾನೇ ಆಡಿದ ಸಾಕ್ಷಿಯ ಮಾತಿಗೆ ಕುಂದು ಬರುತ್ತದೆ ಎಂಬ ಕಾರಣಕ್ಕೆ. ಅದನ್ನು ನೆಹೆಮೀಯನ ಮೇಲೆ ಕಾನೂನಾಗಿ ಹೇರಲಿಲ್ಲ. ವಿಮೋಚನಕಾಂಡ 14:14ರ ಮುಂದಿನ ವಚನದಲ್ಲೇ "ನನಗೆ ಯಾಕೆ ಮೊರೆಯಿಡುತ್ತೀ, ಜನರಿಗೆ ಮುಂದಕ್ಕೆ ಹೊರಡಲು ಹೇಳು" ಎಂದಿದೆ. ಯೆಹೋಷಾಫಾಟನಿಗೆ "ಈ ಸಾರಿ ನೀನು ಕಾದಾಡಬೇಕಾಗಿಲ್ಲ" ಎಂಬ ಮಾತು ಪ್ರವಾದನೆಯಾಗಿ ಬಂದಿತ್ತು, ಅದಕ್ಕೂ ಮೊದಲೇ ಅವನು ಕೋಟೆಪಟ್ಟಣಗಳಲ್ಲಿ ದಂಡು ಇಟ್ಟಿದ್ದ (2 ಪೂರ್ವಕಾಲವೃತ್ತಾಂತ 17:2). ಅಂಥ ಮಾತು ಬಾರದೆಯೇ "ಯಾರೂ ಏನೂ ಮಾಡಕೂಡದು" ಎಂದು ಕೂಟಕ್ಕೆ ತೀರ್ಪು ಕೊಡುವುದೇ ತಪ್ಪಾಗುವ ಜಾಗ.

ಪಂಗಡಗಳ ಜಗಳ ತೀರಿಸಲು ನೆಹೆಮೀಯನಿಗಿಂತ ಯೆಹೂದದ ಅರಸ ಹಿಜ್ಕೀಯ ಹೆಚ್ಚು ಉಪಯೋಗ. ಕ್ರಿ.ಪೂ. 701, ಅಶ್ಶೂರದ ಅರಸ ಸನ್ಹೇರೀಬ ದಂಡೆತ್ತಿ ಬಂದಿದ್ದಾನೆ. ಹಿಜ್ಕೀಯ ಮೊದಲು ಮಾಡಿದ್ದು ದುಡ್ಡು ಕೊಟ್ಟು ಸಂಧಿ: 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ, ದೇವಾಲಯದ ಬಾಗಿಲಿನ ಬಂಗಾರ ಕೆತ್ತಿ ಕೊಟ್ಟ (2 ಅರಸು 18:14-16). ಸನ್ಹೇರೀಬ ಅದನ್ನು ತೆಗೆದುಕೊಂಡು, ಮತ್ತೂ ಸೈನ್ಯ ಕಳಿಸಿದ. ಹಗೆಯವನ ಬಾಯಿ ಕಾಸಿನಿಂದ ಮುಚ್ಚುವುದಿಲ್ಲ. ಇನ್ನೊಂದು ಕಡೆ ಹಿಜ್ಕೀಯ ಊರ ಹೊರಗಿನ ನೀರಿನ ಬುಗ್ಗೆಗಳನ್ನು ಮುಚ್ಚಿಸಿದ, ಗೋಡೆ ಬಲಪಡಿಸಿದ, ಗೀಹೋನ್ ಬುಗ್ಗೆಯ ನೀರನ್ನು ಸುರಂಗದ ಮೂಲಕ ಪಟ್ಟಣದ ಒಳಕ್ಕೆ ತಿರುಗಿಸಿದ (2 ಪೂರ್ವ 32:3-5, 30). ಆ ಸುರಂಗ ಈಗಲೂ ಇದೆ, ಬಂಡೆಯಲ್ಲಿ ಕೊರೆದದ್ದು, ಉದ್ದ ಸುಮಾರು 533 ಮೀಟರ್. ಎರಡೂ ತುದಿಯಿಂದ ಕೊರೆಯುತ್ತ ಬಂದು ನಡುವೆ ಸೇರಿದ ಸಂಗತಿಯನ್ನು ಹೇಳುವ ಶಾಸನ 1880ರಲ್ಲಿ ಸಿಕ್ಕಿತು. ಆಗಿನ ಗೋಡೆಯ ಒಂದು ತುಂಡೂ ಅಗೆತದಲ್ಲಿ ಸಿಕ್ಕಿದೆ, ದಪ್ಪವೇ ಸುಮಾರು 7 ಮೀಟರ್, ಮನೆಗಳನ್ನು ಕೆಡವಿ ಅದರ ಮೇಲೆಯೇ ಕಟ್ಟಿದ್ದು.

ಈಗ ಯೆಶಾಯ 22:9-11 ತೆರೆಯಿರಿ. ಅದೇ ನೀರು, ಅದೇ ಗೋಡೆ, ಕೆಡವಿದ ಮನೆಗಳ ಲೆಕ್ಕವೂ ಇದೆ. ಪ್ರವಾದಿ ಬೈಯುವುದು ಏನಕ್ಕೆ? "ಇದನ್ನು ಮಾಡಿದಾತನನ್ನು ನೀವು ದೃಷ್ಟಿಸಲಿಲ್ಲ" ಎಂದು. ಸುರಂಗ ಕೊರೆದದ್ದು ತಪ್ಪು ಎಂಬ ಮಾತು ಎಲ್ಲೂ ಇಲ್ಲ. ಯೆಶಾಯ 31:1ರಲ್ಲಿ ಈಜಿಪ್ಟಿನ ಕುದುರೆ ನೆಚ್ಚಿದವರ ಮೇಲಿನ ದೂರೂ ಇದೇ ಧಾಟಿಯದು: ಯೆಹೋವನನ್ನು ವಿಚಾರಿಸದೆ ಹೊರಟರು. ಹಿಜ್ಕೀಯ ಏನು ಮಾಡಿದ ಎಂದು ಸನ್ಹೇರೀಬನ ಬೆದರಿಕೆಯ ಪತ್ರ ಬಂದ ದಿನ ನೋಡಿ. ಆ ಪತ್ರ ತೆಗೆದುಕೊಂಡು ಹೋಗಿ ಯೆಹೋವನ ಮುಂದೆ ಬಿಚ್ಚಿಟ್ಟ (2 ಅರಸು 19:14).

ಈ ಬಿಚ್ಚಿಡುವುದನ್ನು ಕೂಟದಲ್ಲಿ ಹಾಗೆಯೇ ಮಾಡಬಹುದು. ನೋಟಿಸು, ಬೆದರಿಕೆಯ ಸಂದೇಶದ ಪ್ರಿಂಟು, ಕೆಲಸದಿಂದ ತೆಗೆದ ಕಾಗದ ಯಾವುದಿದ್ದರೂ ಮೇಜಿನ ಮೇಲೆ ಇಡಿ, ಮೊದಲು ಪೂರ್ತಿ ಓದಿ. ಹಿಜ್ಕೀಯನ ಪ್ರಾರ್ಥನೆ 19:15-19, ಐದೇ ವಚನ. ನೀನು ಯಾರು ಎಂಬುದು ಮೊದಲು. ಆಮೇಲೆ "ಕಿವಿಗೊಡು, ಕಣ್ಣು ತೆರೆ". ಮೂರನೆಯದಾಗಿ ಶತ್ರು ಹೇಳಿದ್ದರಲ್ಲಿ ನಿಜವಾದದ್ದನ್ನು ನಿಜವೆಂದು ಒಪ್ಪುತ್ತಾನೆ: "ಅಶ್ಶೂರದವರು ಜನಾಂಗಗಳನ್ನು ಹಾಳುಮಾಡಿದ್ದು ನಿಜ." ಬಹಳ ಕೂಟಗಳಲ್ಲಿ ಇದೊಂದು ಸಾಲು ಇರುವುದೇ ಇಲ್ಲ, ಅಪಾಯವನ್ನು ಒಪ್ಪಿಕೊಂಡರೆ ನಂಬಿಕೆ ಕಡಿಮೆಯಾದಂತೆ ಎಂಬ ಭಯ. ಕೊನೆಗೆ ಬೇಡಿಕೆ, ಕಾರಣದ ಸಮೇತ.


ಉತ್ತರ: ಎಷ್ಟರ ವರೆಗೆ

ಪ್ರಾರ್ಥನೆ ನಡೆಸುವುದು ಹೇಗೆ ಎಂದು ಕೇಳಿದ್ದೀರಿ, ಅಷ್ಟಕ್ಕೆ ಮಾತ್ರ ಉತ್ತರ.

ದಾವೀದನ 13ನೆಯ ಕೀರ್ತನೆ ಸಾಕು. ಆರೇ ವಚನ. 1-2ರಲ್ಲಿ ದೂರು, "ಎಷ್ಟರ ವರೆಗೆ" ನಾಲ್ಕು ಸಾರಿ. 3-4ರಲ್ಲಿ ಬೇಡಿಕೆ, 5-6ರಲ್ಲಿ ಭರವಸೆ. 45 ನಿಮಿಷ ಇಟ್ಟುಕೊಳ್ಳಿ. ಐದು ನಿಮಿಷ ಒಬ್ಬರು ನಿಧಾನವಾಗಿ ಎರಡು ಸಲ ಓದುವುದು, ಉಳಿದವರು ಸುಮ್ಮನಿರುವುದು. ಹದಿನೈದು ನಿಮಿಷ ಬರೀ ದೂರು, ಒಬ್ಬೊಬ್ಬರದು ಒಂದು ನಿಮಿಷ ಮೀರದಂತೆ, ಪ್ರತಿಯೊಂದರ ಕೊನೆಗೆ ಎಲ್ಲರೂ ಸೇರಿ "ಯೆಹೋವನೇ, ಎಷ್ಟರ ವರೆಗೆ" ಎನ್ನುವುದು. ಇನ್ನು ಹದಿನೈದು ಬೇಡಿಕೆಗೆ. ಕೊನೆಯ ಹತ್ತರಲ್ಲಿ 5-6ನ್ನು ಎಲ್ಲರೂ ಓದಿ, ಒಂದು ಹಾಡು.

ಕೆಡುವುದು ಎಲ್ಲೆಂದರೆ, ದೂರು ಶುರುವಾಗಿ ಮೂರು ನಿಮಿಷಕ್ಕೆ ಯಾರಾದರೂ ಒಬ್ಬರು "ಆದರೂ ಸ್ತೋತ್ರ, ಸ್ತೋತ್ರ" ಎಂದು 5ನೆಯ ವಚನಕ್ಕೆ ಹಾರಿಬಿಡುತ್ತಾರೆ. ಸದುದ್ದೇಶವೇ, ಆದರೆ ಮುಂದಿನವರ ಬಾಯಿ ಅಲ್ಲಿಗೆ ಮುಚ್ಚಿತು. ಕೂಟಕ್ಕೆ ಮೊದಲೇ ಹೇಳಿಡಿ: ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಂಥ ಪ್ರಲಾಪವೇ, 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಎರಡನೆಯ ಕೇಡು, ಪ್ರಾರ್ಥನೆಯ ಹೆಸರಲ್ಲಿ ಚಾಡಿ. "ಕರ್ತನೇ, ಆ ಮನೆಯವರು ಹೋದ ವಾರ ಏನು ಮಾಡಿದರೆಂದು ನಿನಗೆ ಗೊತ್ತು" ಎಂದು ಶುರುವಾದರೆ ಅದು ಕರ್ತನಿಗೆ ಹೇಳುತ್ತಿರುವುದಲ್ಲ. ಮೂರನೆಯದು ಮಸುಕು ಬೇಡಿಕೆ. "ಎಲ್ಲ ಸರಿಮಾಡು" ಎಂಬುದಕ್ಕೆ ಉತ್ತರ ಬಂದರೂ ಗುರುತು ಸಿಗುವುದಿಲ್ಲ. ಯಾರಿಗೆ, ಏನು, ಯಾವ ದಿನದೊಳಗೆ ಎಂದು ಒಂದೇ ವಾಕ್ಯದಲ್ಲಿ ಬರೆಸಿ, ದಿನಾಂಕ ಹಾಕಿ. ಮುಂದಿನ ವಾರ ಆ ಪುಸ್ತಕದಿಂದಲೇ ಶುರುಮಾಡಿ.

ಬೇಡಿಕೆಯಲ್ಲಿ ಏನು ಕೇಳಬೇಕು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳು 4:24-30 ಅಚ್ಚು. ಏಳು ವಚನದ ಆ ಪ್ರಾರ್ಥನೆಯಲ್ಲಿ ಐದು ವಚನ ದೇವರು ಸೃಷ್ಟಿಕರ್ತ, ಎರಡನೆಯ ಕೀರ್ತನೆಯಲ್ಲಿ ಇದನ್ನು ಮೊದಲೇ ಹೇಳಿದಾತ ಎಂಬುದಕ್ಕೇ ಹೋಗುತ್ತದೆ. ಬೇಡಿಕೆ 29-30ರಲ್ಲಿ ಮಾತ್ರ. ಬೆದರಿಕೆಯನ್ನು ನೋಡು ಎಂದರು, ಧೈರ್ಯ ಕೊಡು ಎಂದರು. ಬೆದರಿಕೆ ತೆಗೆದುಹಾಕು ಎಂದು ಕೇಳಲೇ ಇಲ್ಲ. ಹಾಗೆ ಕೇಳುವುದು ಪಾಪವಲ್ಲ, 2 ಥೆಸಲೋನಿಕ 3:2ರಲ್ಲಿ ಪೌಲ ಕೇಳಿಕೊಂಡಿದ್ದಾನೆ. ಎರಡಕ್ಕೂ ಜಾಗ ಇರಲಿ.


ಉತ್ತರ: ಕೋರ್ಟು ಮೆಟ್ಟಿಲು

"ಕಾವಲು" ಅಂದರೆ ಏನು ಎಂಬುದಕ್ಕೆ ಕಾನೂನಿನ ಕಡೆಯಿಂದ.

ಮೊದಲು ಒಂದು ಕಹಿ ಮಾತು. 1 ಪೇತ್ರ 4:15 ಓದಿ, ನಿಮ್ಮ ತೊಂದರೆ ನಿಜವಾಗಿ ನಂಬಿಕೆಗಾಗಿಯೇ ಬಂದದ್ದಾ ಎಂದು ನೋಡಿ. ಆ ಪಟ್ಟಿಯಲ್ಲಿ ಕೊಲೆಗಾರ ಕಳ್ಳರ ಸಾಲಿನಲ್ಲೇ ಪರರ ವಿಷಯಕ್ಕೆ ತಲೆಹಾಕುವವನೂ ಇದ್ದಾನೆ. ಪಕ್ಕದ ಮನೆಯವರು ಧ್ವನಿವರ್ಧಕದ ಬಗ್ಗೆ ದೂರು ಕೊಟ್ಟರೆ ಅದು ಹಿಂಸೆಯಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ, ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಹದಿನೈದು ಜನರ ಕೂಟಕ್ಕೆ ಸ್ಪೀಕರ್ ಯಾಕೆ ಬೇಕು? ಬೀದಿಗೆ ಅಡ್ಡ ನಿಲ್ಲಿಸಿದ ಬೈಕುಗಳೂ ಇದೇ ಲೆಕ್ಕ. ತಗ್ಗಾದ ಗೋಡೆ ಅಂದರೆ ಇವು.

ನಿಜವಾದ ಬೆದರಿಕೆ, ಹಲ್ಲೆ, ನುಗ್ಗುವಿಕೆ ಆದಾಗ ಆ ಹೊತ್ತಿಗೆ 112. ಜನರನ್ನು ಹೊರಗೆ ತರುವುದು ಮೊದಲು, ವಾದ ಆಮೇಲೆ. ಒಬ್ಬರು ಮಾತ್ರ ಮಾತಾಡಲಿ, ಉಳಿದವರು ಬಾಯಿಮಾತಿಗೂ ತಿರುಗಿ ಬೀಳಬಾರದು, ತಳ್ಳಾಟದ ಹತ್ತು ಸೆಕೆಂಡಿನ ವಿಡಿಯೊ ಎದುರುದೂರಿಗೆ ಸಾಕಾಗುತ್ತದೆ. ಅಂದೇ ರಾತ್ರಿ ಬರೆದಿಡಿ: ಗಂಟೆ, ಜಾಗ, ಆಡಿದ ಮಾತು ಅದೇ ಶಬ್ದಗಳಲ್ಲಿ, ಇದ್ದ ಸಾಕ್ಷಿಗಳು, ಗಾಯಕ್ಕೆ ವೈದ್ಯರ ಪ್ರಮಾಣಪತ್ರ. ಮೂಲ ವಿಡಿಯೊ ಅಳಿಸಬೇಡಿ, ಕತ್ತರಿಸಿ ಹಂಚಬೇಡಿ. "ಸುಮಾರು ಐವತ್ತು ಜನ" ಎಂದು ಊಹಿಸಿ ಬರೆದು, ವಿಡಿಯೊದಲ್ಲಿ ಹನ್ನೆರಡು ಕಂಡರೆ ಇಡೀ ದೂರು ಸಡಿಲವಾಗುತ್ತದೆ.

2024ರ ಜುಲೈ 1ರಿಂದ ದೂರು ದಾಖಲಾಗುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಡಿ. ಸಂಜ್ಞೇಯ ಅಪರಾಧವಾದರೆ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದದ್ದಾದರೆ, ಯಾವ ಠಾಣೆಯಲ್ಲಾದರೂ ಕೊಡಬಹುದು, ವ್ಯಾಪ್ತಿ ನಮ್ಮದಲ್ಲ ಎಂದು ತಿರುಗಿಸುವಂತಿಲ್ಲ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸದಿದ್ದರೆ ಅದೇ ದೂರಿನ ಸಾರವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸುವುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ, 173(4). ರಿಜಿಸ್ಟರ್ಡ್ ಅಂಚೆಯ ರಸೀದಿ ಜೋಪಾನ. ವಕೀಲರಿಗೆ ಹಣವಿಲ್ಲದವರು ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ನೆರವು ಸಿಗುತ್ತದೆ.

ಇದೆಲ್ಲ ಅವಿಶ್ವಾಸ ಎನ್ನುವವರಿಗೆ ಅಪೊಸ್ತಲರ ಕೃತ್ಯಗಳು 23 ಓದಿಸಿ. 11ನೆಯ ವಚನದಲ್ಲಿ ಕರ್ತನೇ ಪೌಲನ ಪಕ್ಕ ನಿಂತು "ಧೈರ್ಯವಾಗಿರು, ರೋಮ್‌ನಲ್ಲೂ ಸಾಕ್ಷಿ ಹೇಳಬೇಕು" ಎನ್ನುತ್ತಾನೆ. ಬೆಳಗಾದರೆ ನಲವತ್ತಕ್ಕೂ ಹೆಚ್ಚು ಜನ ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲ ಎಂದು ಆಣೆ ಇಟ್ಟಿದ್ದಾರೆ. ಸಹೋದರಿಯ ಮಗ ಬಂದು ಸುದ್ದಿ ಹೇಳಿದಾಗ ಪೌಲ "ವಾಗ್ದಾನ ಇದೆ, ಹೋಗು" ಎನ್ನಲಿಲ್ಲ. ಶತಾಧಿಪತಿಯನ್ನು ಕರೆದು ಹುಡುಗನನ್ನು ಮೇಲಧಿಕಾರಿಯ ಹತ್ತಿರ ಕಳಿಸಿದ. ಆ ರಾತ್ರಿ 200 ಸಿಪಾಯಿ, 70 ಕುದುರೆ, 200 ಭರ್ಜಿಯವರ ನಡುವೆ ಹೊರಟ. ವಾಗ್ದಾನ ನೆರವೇರಿದ್ದು ಆ ಹುಡುಗನ ಕಿವಿಯ ಮೂಲಕ.

ಅಂದಹಾಗೆ, ಯೋಹಾನನ ಸುವಾರ್ತೆಯಲ್ಲಿ ನಾವು "ಸಹಾಯಕ" ಎಂದು ಓದುವ ಗ್ರೀಕ್ ಶಬ್ದ ಪಾರಾಕ್ಲೇತೋಸ್‌ಗೆ ನ್ಯಾಯಸ್ಥಾನದಲ್ಲಿ ಪಕ್ಕಕ್ಕೆ ಕರೆಸಿಕೊಂಡವನು ಎಂಬ ಅರ್ಥವೂ ಇದೆ. ಲೋಕ ನಿಮ್ಮನ್ನು ಹಗೆಮಾಡುತ್ತದೆ ಎಂಬ 15:18-25 ಮುಗಿದ ಮರುಗಳಿಗೆಗೇ, 26ರಲ್ಲಿ, ಆ ಶಬ್ದ ಬರುತ್ತದೆ.


ಸಣ್ಣಕೂಟ

ಎಲ್ಲರಿಗೂ ವಂದನೆ, ಪಾಠದ ಎಲುಬು ಸಿಕ್ಕಿತು. ಇನ್ನೆರಡು ಮುಳ್ಳು ಉಳಿದಿವೆ. 4:5ರಲ್ಲಿ ನೆಹೆಮೀಯ "ಅವರ ಪಾಪ ಅಳಿಸಬೇಡ" ಎಂದು ಪ್ರಾರ್ಥಿಸುತ್ತಾನೆ, ಶತ್ರುವಿಗಾಗಿ ಪ್ರಾರ್ಥಿಸಿರಿ ಎಂದ ಯೇಸುವಿನ ಶಿಷ್ಯರು ಅದನ್ನು ಬಾಯಲ್ಲಿ ಹೇಗೆ ತರುವುದು? ಇನ್ನೊಂದು, ಇಷ್ಟೆಲ್ಲ ಪ್ರಾರ್ಥಿಸಿ ಕಾವಲಿಟ್ಟ ಮೇಲೂ ಸಹಾಯ ಬಾರದಿದ್ದರೆ ನಾಲ್ಕನೆಯ ವಾರ ಯಾವ ಮುಖ ಹೊತ್ತು ಕೂರುವುದು?


ಉತ್ತರ: ಸಿಲೋವ ಸುರಂಗ

ಎರಡನೆಯದಕ್ಕೆ ಮೊದಲು. ಮೇಲೆ ಹಿಜ್ಕೀಯನ ವಿಷಯ ಹೇಳುವಾಗ ಅರ್ಧ ಕಥೆ ಬಿಟ್ಟಿದ್ದೆ. ಯೆರೂಸಲೇಮ್ ಏನೋ ಉಳಿಯಿತು. ಹಿಜ್ಕೀಯನ 46 ಕೋಟೆಪಟ್ಟಣಗಳನ್ನು ಹಿಡಿದೆ, ಅವನನ್ನು ಪಂಜರದ ಹಕ್ಕಿಯಂತೆ ಮುಚ್ಚಿಟ್ಟೆ ಎಂದು ಸನ್ಹೇರೀಬ ಮಣ್ಣಿನ ಪಟ್ಟಕದ ಮೇಲೆ ಬರೆಸಿದ್ದಾನೆ. ಯೆರೂಸಲೇಮನ್ನು ಹಿಡಿದೆ ಎಂದು ಬರೆಸಲಾಗಲಿಲ್ಲ. ಆದರೆ ಯೆಹೂದದ ಇನ್ನೊಂದು ಕೋಟೆಪಟ್ಟಣ ಲಾಕೀಷ್ ಬಿತ್ತು. ಅದರ ಜನರನ್ನು ಸೆರೆಯೊಯ್ಯುವ, ಶೂಲಕ್ಕೇರಿಸುವ ಉಬ್ಬುಚಿತ್ರಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿವೆ. ಅಲ್ಲಿಯೂ ಯೆಹೋವನ ಹೆಸರು ಕರೆದವರಿದ್ದಿರಬೇಕು. ಅಪೊಸ್ತಲರ ಕೃತ್ಯಗಳು 12 ಕೂಡ ಹೀಗೆಯೇ: 2ನೆಯ ವಚನದಲ್ಲಿ ಅಪೊಸ್ತಲ ಯಾಕೋಬ ಕತ್ತಿಗೆ ಬಲಿ, 7ರಲ್ಲಿ ಪೇತ್ರ ನಾಲ್ಕು ನಾಲ್ಕರಂತೆ 16 ಸಿಪಾಯಿಗಳ ಕಾವಲಿನಿಂದ ಹೊರಗೆ. ಯಾಕೋಬನಿಗಾಗಿ ಸಭೆ ಕಡಿಮೆ ಪ್ರಾರ್ಥಿಸಿತು ಎಂದು ಲೂಕ ಬರೆಯುವುದಿಲ್ಲ. ನೀವೂ ಹಾಗೆ ಸೂಚಿಸಬೇಡಿ, ಪೆಟ್ಟು ತಿಂದ ಮನೆಗೆ "ಎಲ್ಲೋ ನಂಬಿಕೆ ಕಡಿಮೆಯಾಗಿರಬೇಕು" ಎನ್ನುವುದಕ್ಕಿಂತ ದೊಡ್ಡ ಬರೆ ಇಲ್ಲ.

ಇಬ್ರಿಯ 11:35ನ್ನು ಗಟ್ಟಿಯಾಗಿ ಓದಿಸಿ. ವಚನದ ಅರ್ಧದವರೆಗೆ ಸತ್ತವರು ಎದ್ದು ಬರುತ್ತಾರೆ, ಅಲ್ಲಿಂದ "ಬೇರೆ ಕೆಲವರು" ಎಂದು ತಿರುಗಿ ಚಡಿ, ಬೇಡಿ, ಗರಗಸ. 39ರಲ್ಲಿ ಇಬ್ಬರಿಗೂ ನಂಬಿಕೆಯ ಸಾಕ್ಷಿ ಒಂದೇ. ಪೌಲ 2 ತಿಮೊಥೆಯ 4:16-18ರಲ್ಲಿ ಬರೆಯುವ ಸಹಾಯ ಯಾವುದು ನೋಡಿ. ವಿಚಾರಣೆಯಲ್ಲಿ ಯಾರೂ ಪಕ್ಕಕ್ಕೆ ಬರಲಿಲ್ಲ, ಕರ್ತನು ನಿಂತ, ಬಲಕೊಟ್ಟ. ಅದೇ ಅಧ್ಯಾಯದ 6ರಲ್ಲಿ ತಾನು ಹೊರಡುವ ಕಾಲ ಸಮೀಪಿಸಿದೆ ಎಂದು ಬರೆದವನೂ ಅವನೇ. "ಸಿಂಹದ ಬಾಯೊಳಗಿಂದ ತಪ್ಪಿಸಿದ" ಎಂಬ ಮಾತು ಸಾಯುವುದಿಲ್ಲ ಎಂಬ ಅರ್ಥದಲ್ಲಿ ಬಂದದ್ದಲ್ಲ.

ನಾಲ್ಕನೆಯ ವಾರಕ್ಕೆ ಒಂದು ಕೆಲಸ ಇಟ್ಟುಕೊಳ್ಳಿ. ದಾನಿಯೇಲ 3:17-18ರ ಎರಡು ವಾಕ್ಯಗಳನ್ನು ಎರಡು ಸಾಲಾಗಿ ಬರೆಸಿ: ನಮ್ಮ ದೇವರು ತಪ್ಪಿಸಬಲ್ಲನು, ತಪ್ಪಿಸದಿದ್ದರೂ ಸರಿ. ದಿನಾಂಕ ಹಾಕಿದ ಬೇಡಿಕೆಯ ಪುಸ್ತಕದಲ್ಲಿ ಪ್ರತಿ ಬೇಡಿಕೆಯ ಕೆಳಗೆ "ಹಾಗಾಗದಿದ್ದರೆ ನಾವು ಏನು ಮಾಡುತ್ತೇವೆ" ಎಂದು ಒಂದು ಸಾಲು ಸೇರಿಸಿ. ಕೆಲಸ ಹೋದರೆ ಆ ಮನೆಯ ಎರಡು ತಿಂಗಳ ಬಾಡಿಗೆ ಯಾರು ನೋಡುತ್ತಾರೆ, ಶಾಲೆಯ ಫೀಸು ಯಾರು. ಈ ಸಾಲು ಬರೆಯುವಾಗ ಕೂಟ ಬಿಸಿಯಾಗುತ್ತದೆ. ಆಗಲಿ.


ಉತ್ತರ: ಎಷ್ಟರ ವರೆಗೆ

ಶಾಪದ ಪ್ರಾರ್ಥನೆಗೆ ಚಿಕ್ಕ ಉತ್ತರ. ನೆಹೆಮೀಯ ಅದನ್ನು ಸನ್ಬಲ್ಲಟನಿಗೆ ಹೇಳಲಿಲ್ಲ, ಜನರ ಮುಂದೆ ಭಾಷಣ ಮಾಡಲಿಲ್ಲ, ಅದನ್ನು ಹಿಡಿದು ಹೋಗಿ ಅವನ ಮೇಲೆ ಬೀಳಲೂ ಇಲ್ಲ. ಸೇಡನ್ನು ದೇವರ ಕೈಗೆ ಹಾಕಿ, ಮತ್ತೆ ಕರಣಿ ಹಿಡಿದ. ರೋಮಾ 12:19ರಲ್ಲಿ ಪೌಲ ಹೇಳುವುದೂ ಇದನ್ನೇ, ಅಲ್ಲಿಂದ 20ಕ್ಕೆ ಹೋಗಿ ಹಸಿದ ವೈರಿಗೆ ಊಟ ಬಡಿಸುತ್ತಾನೆ. 109ನೆಯ ಕೀರ್ತನೆ ಒಂಟಿಯಾಗಿ ಓದುವುದಕ್ಕೆ ಬಿಡಿ, ಕೂಟದಲ್ಲಿ ಹೊಸಬರಿದ್ದರೆ ಬೇಡ. ಹೆಸರು ಹಿಡಿದು ಶಪಿಸುವುದಂತೂ ಯಾವ ಕೂಟದಲ್ಲೂ ಬೇಡ, ಅದೇ ಹೆಸರನ್ನು ಆಶೀರ್ವಾದಕ್ಕಾಗಿ ಎತ್ತಬಹುದು, ಮತ್ತಾಯ 5:44 ಅದಕ್ಕೇ ಇದೆ.


ಉತ್ತರ: ಎಲೂಲ್ 25

ಕೊನೆಗೆ ಒಂದು ಸೇರಿಕೆ. 6ನೆಯ ಅಧ್ಯಾಯಕ್ಕೆ ಅರ್ಧ ಗಂಟೆ ಉಳಿಸಿಕೊಳ್ಳಿ. ಓನೋ ಬಯಲಿಗೆ ಮಾತುಕತೆಗೆ ಬಾ ಎಂದು ಶತ್ರುಗಳಿಂದ ನಾಲ್ಕು ಸಾರಿ ಕರೆ, ನಾಲ್ಕು ಸಾರಿಯೂ "ದೊಡ್ಡ ಕೆಲಸದಲ್ಲಿದ್ದೇನೆ, ಬರಲಾರೆ" ಎಂಬ ಒಂದೇ ಉತ್ತರ. ಐದನೆಯದು ಮುಚ್ಚದ ಪತ್ರ, ದಾರಿಯಲ್ಲಿ ಎಲ್ಲರೂ ಓದಲಿ ಎಂದೇ. ಅದಕ್ಕೆ ಎರಡು ಸಾಲಿನ ನಿರಾಕರಣೆ, ದೇವರಿಗೆ "ನನ್ನ ಕೈಗಳನ್ನು ಬಲಪಡಿಸು". ಆರನೆಯದು ಎಲ್ಲಕ್ಕಿಂತ ನಯ: ಶೆಮಾಯ ಪ್ರವಾದನೆಯ ಭಾಷೆಯಲ್ಲೇ "ದೇವಾಲಯದೊಳಗೆ ಅಡಗಿಕೋ" ಎನ್ನುತ್ತಾನೆ, ಕೂಲಿ ಕೊಟ್ಟವರು ಟೋಬೀಯ, ಸನ್ಬಲ್ಲಟ. ದೇವರ ಸಹಾಯದ ಮಾತಿನ ವೇಷದಲ್ಲೇ ಹೆದರಿಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಗೋಡೆ 52 ದಿನದಲ್ಲಿ ಮುಗಿಯಿತು, ಎಲೂಲ್ ತಿಂಗಳ 25ಕ್ಕೆ. ಟೋಬೀಯನ ಪತ್ರಗಳು ಅದರ ನಂತರವೂ ಬರುತ್ತಲೇ ಇದ್ದವು (6:17-19).

ಆದ್ದರಿಂದ ತುತೂರಿ ಯಾರ ಕೈಯಲ್ಲಿ ಎಂಬುದನ್ನು ಮೊದಲ ವಾರವೇ ಗೊತ್ತುಮಾಡಿ. ಮೂವರ ಹೆಸರು, ಮೂರು ನಂಬರು, ರಾತ್ರಿ ಹನ್ನೊಂದಕ್ಕೂ ಎತ್ತುವವರು: ಒಬ್ಬರು ಪ್ರಾರ್ಥನೆಗೆ ಉಳಿದವರನ್ನು ಎಬ್ಬಿಸಲು, ಒಬ್ಬರು ಠಾಣೆಗೆ, ಒಬ್ಬರು ಆ ಮನೆಗೆ ಹೋಗಿ ಮಕ್ಕಳ ಜೊತೆ ಕೂರಲು. ಮೂರನೆಯವರು ಸಿಗುವುದೇ ಕಷ್ಟ, ಅವರಿಂದ ಶುರುಮಾಡಿ.